ಛೇದದಲ್ಲಿರುವ ಗಂಟೆಗಳು

ಬರೀ ಗಾಯಗಳನ್ನು ಎಣಿಸಿದರೆ ಪುಣೆಯ ಭೋಸರಿಯ ಐವತ್ತು ಜನರ ಪ್ರೆಸ್ ಶಾಪನ್ನೂ ಚಾಕಣದ ಐದು ಸಾವಿರ ಜನರ ಕಾರ್ಖಾನೆಯನ್ನೂ ಹೋಲಿಸಲಾಗದು. ಎಷ್ಟು ಗಂಟೆ ದುಡಿದಾಗ ಎಷ್ಟು ಕೈ ಜಜ್ಜಿದವು ಎಂದು ಕೇಳಬೇಕು. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ದುಡಿಯಲು ಹೋದ ನಮ್ಮ ಹುಡುಗರ ಕೈಗಳೂ ಅಲ್ಲಿವೆ.

1923ರಲ್ಲಿ ಭಾರತಕ್ಕೆ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಅದೇ ವರ್ಷ ಜಿನೀವಾದಲ್ಲಿ ಸೇರಿದ ಕಾರ್ಮಿಕ ಅಂಕಿಅಂಶ ತಜ್ಞರ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ಅಪಘಾತಗಳ ಲೆಕ್ಕವನ್ನು ಕೈಗೆತ್ತಿಕೊಂಡಿತು. 1962ರಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) ಹುಟ್ಟಿ ಪಿಂಪ್ರಿ-ಚಿಂಚವಾಡದ ಸುತ್ತ ಕಾರ್ಖಾನೆಗಳು ಹಬ್ಬುತ್ತಿದ್ದಾಗ, 1966ರಲ್ಲಿ ಐಎಸ್ 3786 ಎಂಬ ಭಾರತೀಯ ಮಾನಕ ಪ್ರಕಟವಾಯಿತು, 1983ರಲ್ಲಿ ಪರಿಷ್ಕರಣೆಗೊಂಡಿತು. ಅದರ ಪ್ರಕಾರ ಗಾಯಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ, ಒಟ್ಟು ದುಡಿದ ಗಂಟೆಗಳಿಂದ ಭಾಗಿಸಿದರೆ ಅಪಘಾತ ದರ ಸಿಗುತ್ತದೆ. ಅಮೆರಿಕದವರು ಎರಡು ಲಕ್ಷದಿಂದ ಗುಣಿಸುತ್ತಾರೆ: ನೂರು ಜನ, ವಾರಕ್ಕೆ 40 ಗಂಟೆ, ವರ್ಷಕ್ಕೆ 50 ವಾರ.

ತೊಡಕು ಇರುವುದು ಗಂಟೆಗಳಲ್ಲಿ. ಸಂಬಳದ ಪಟ್ಟಿ ಅಥವಾ ಪಂಚಿಂಗ್ ದಾಖಲೆಯಿಂದ, ಓವರ್‌ಟೈಮ್ ಸಹಿತ, ಗಂಟೆಗಳನ್ನು ತೆಗೆಯಬೇಕೆನ್ನುತ್ತದೆ ಮಾನಕ. ಆಗದಿದ್ದರೆ ಪ್ರತಿದಿನ ಕೆಲಸಕ್ಕೆ ಬಂದವರನ್ನು ಕೂಡಿ, ದಿನದ ಗಂಟೆಗಳಿಂದ ಗುಣಿಸಿ ಅಂದಾಜು ಮಾಡಬಹುದು. ವಿಭಾಗಕ್ಕೊಂದು ಪಾಳಿಯಿದ್ದರೆ ಲೆಕ್ಕವೂ ಬೇರೆ ಬೇರೆ.

ಒಂದು ಲೆಕ್ಕ ಮಾಡಿ ನೋಡೋಣ. ರೋಲಿನಲ್ಲಿ 200 ಜನ, 300 ದಿನ, ದಿನಕ್ಕೆ 8 ಗಂಟೆ: 4,80,000. ಮೂರು ಗಾಯಗಳಾದರೆ ದರ 6.25. ಮಸ್ಟರ್ ತೆರೆದು ರಜೆ, ಗೈರುಹಾಜರಿ ಎಂದು ಹತ್ತನೇ ಒಂದು ಪಾಲು ಕಳೆದರೆ ಗಂಟೆಗಳು 4,32,000, ದರ 6.94. ಗಾಯಗಳು ಅಷ್ಟೇ, ಕಾರ್ಖಾನೆಯೂ ಅದೇ.

ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಗಂಟೆಗಳ ಈ ಆಟ ಇನ್ನೂ ಕ್ರೂರ. ಅವರ ಗಂಟೆಗಳನ್ನು ಛೇದಕ್ಕೆ ಸೇರಿಸಿ, ಅವರ ಗಾಯಗಳನ್ನು ಗುತ್ತಿಗೆದಾರನ ಕಡತದಲ್ಲೇ ಬಿಟ್ಟರೆ ಕಾರ್ಖಾನೆ ಕಾಗದದ ಮೇಲೆ ಸುರಕ್ಷಿತವಾಗುತ್ತದೆ. ಹನ್ನೆರಡು ಗಂಟೆ ದುಡಿಸಿ ಎಂಟೇ ಬರೆದರಂತೂ ಉಳಿದ ನಾಲ್ಕು ಗಂಟೆಯ ದಣಿವೂ, 1948ರ ಕಾರ್ಖಾನೆ ಕಾಯ್ದೆ ಹೇಳಿದ ಓವರ್‌ಟೈಮಿನ ದುಪ್ಪಟ್ಟು ಕೂಲಿಯೂ ಒಟ್ಟಿಗೇ ಮರೆಯಾಗುತ್ತವೆ.

2021ರಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ತಂದ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ 2022-23ರಿಂದ ದೊಡ್ಡ ಸಾವಿರ ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯವಾಯಿತು. ಹತ್ತು ಲಕ್ಷ ಗಂಟೆಗೆ ಎಷ್ಟು ಗಾಯ ಎಂಬುದು ಆ ವರದಿಯಿಂದ ಈಗ ಹೂಡಿಕೆದಾರರ ಕಣ್ಣಿಗೂ ಬೀಳುತ್ತದೆ. ಆ ಅಂಕಿಯ ಪಕ್ಕದಲ್ಲೇ ಗಂಟೆಗಳು ಪಂಚಿಂಗ್‌ನಿಂದ ಬಂದವೋ, ಅಂದಾಜೋ ಎಂದು ಅಚ್ಚಾಗಬೇಕು. ಅಂದಾಜಿನ ಆಧಾರ ತಿಳಿಸಬೇಕೆಂದು 1983ರ ಮಾನಕವೇ ಹೇಳಿದೆ.