ಗಡಿ ದಾಟುವ ಮೈಕಿಗೂ ಬೇಕು ಗುರುತಿನ ಚೀಟಿ

ವಿದೇಶದ ಸಂಗೀತ ಕಛೇರಿಗೆ ಹೊರಟ ಹುಬ್ಬಳ್ಳಿ-ಧಾರವಾಡದ ಕಲಾವಿದರ ಬಳಿ ಪಾಸ್‌ಪೋರ್ಟ್, ವೀಸಾ, ಆಹ್ವಾನಪತ್ರ ಎಲ್ಲವೂ ಇರುತ್ತವೆ. ಜತೆಗೆ ಸಾಗುವ ಎಲೆಕ್ಟ್ರಾನಿಕ್ ತಂಬೂರಿ, ಮೈಕು, ಮಿಕ್ಸರ್, ರೆಕಾರ್ಡರ್‌ಗಳಿಗೆ ಮಾತ್ರ ಎಷ್ಟೋ ಸಲ ಒಂದು ಚೀಟಿಯೂ ಇರುವುದಿಲ್ಲ. ಹೋಗುವಾಗ ಯಾರೂ ಕೇಳದಿರಬಹುದು. ತೊಡಕು ಶುರುವಾಗುವುದು ಮರಳುವಾಗ.

1962ರ ಕಸ್ಟಮ್ಸ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ದೇಶದಿಂದ ಹೊರಗೆ ಹೋದ ಸರಕು ವಾಪಸ್ ಬಂದರೂ ಅದು ಆಮದೇ. ಸುಂಕ ವಿನಾಯಿತಿಗೆ ಅವಕಾಶ ಇದೆ ನಿಜ. ಆದರೆ ಹೋದದ್ದೇ ಬಂದಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು, ಸಾಮಾನ್ಯವಾಗಿ ಮೂರು ವರ್ಷದೊಳಗೆ ಬರಬೇಕು, ಒಡೆತನ ಬದಲಾಗಿರಬಾರದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾದೀತೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅಲ್ಲಿ ಮಾತಾಡುವುದು ಕಂಪನಿಯ ಹೆಸರು, ಮಾಡೆಲ್ ಮತ್ತು ಸೀರಿಯಲ್ ನಂಬರ್.

ರಿಪೇರಿಗೆ ಹೋಗುವ ಮೈಕಿನ ಲೆಕ್ಕ ನೋಡಿ. ಸ್ಟುಡಿಯೋದ ಬೆಲೆಬಾಳುವ ಜರ್ಮನ್ ಮೈಕು ಕೆಟ್ಟು ತಯಾರಕರ ಬಳಿಗೇ ಹೋಯಿತೆನ್ನಿ. ಕಳಿಸುವಾಗ ದಾಖಲೆ ಸರಿಯಿದ್ದರೆ, ಮರಳಿದಾಗ ರಿಪೇರಿ ವೆಚ್ಚ, ವಿಮೆ ಮತ್ತು ಹೋಗಿಬರುವ ಸಾಗಣೆ ಖರ್ಚಿನ ಮೇಲಷ್ಟೇ ಸುಂಕ. ರಫ್ತಿನ ದಾಖಲೆಯಾದ ಶಿಪ್ಪಿಂಗ್ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬಿಟ್ಟುಹೋಗಿದ್ದರೆ ಪೂರ್ತಿ ಬೆಲೆಯ ಮೇಲೆ ಸುಂಕ ತೆರುವ ಪ್ರಸಂಗ ಬರಬಹುದು. ‘ಸಂಗೀತದ ಸಾಮಾನು’ ಎಂದು ಒಟ್ಟಾಗಿ ಬರೆಯುವುದೂ ತಪ್ಪು. ಸುಂಕದ ಪಟ್ಟಿಯಲ್ಲಿ ವಾದ್ಯಗಳದ್ದು 92ನೇ ಅಧ್ಯಾಯ; ಮೈಕು, ಸ್ಪೀಕರು, ಆಂಪ್ಲಿಫೈಯರ್‌ಗಳದ್ದು 85ನೇ ಅಧ್ಯಾಯ.

ನಮ್ಮ ದನಿ ಗಡಿ ದಾಟುವುದು ಹೊಸದಲ್ಲ. 1902ರಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಣದ ಯಂತ್ರ ಹೊತ್ತು ಕಲ್ಕತ್ತೆಗೆ ಬಂದ. ಅಲ್ಲಿ ಮುದ್ರಿಸಿಕೊಂಡ ಗೌಹರ್ ಜಾನ್ ಅವರ ಹಾಡುಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ರೆಕಾರ್ಡುಗಳಾಗಿ ಮರಳಿದವು. 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ಶುರುವಾಯಿತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅದೇ ಕಂಪನಿಯ ಎಚ್‌ಎಂವಿಗೆ ಹಾಡುವ ಹೊತ್ತಿಗೆ ಆ ಪ್ರಯಾಣ ಬೇಕಿರಲಿಲ್ಲ. ಇಂದು ಹಾಡು ಅಂತರ್ಜಾಲದಲ್ಲಿ ಕ್ಷಣದಲ್ಲಿ ತಲುಪುತ್ತದೆ. ಹಾಡನ್ನು ಹಿಡಿಯುವ ಯಂತ್ರ ಸುಂಕದ ಕಟ್ಟೆಯಲ್ಲಿ ನಿಲ್ಲುತ್ತದೆ.

ತಾತ್ಕಾಲಿಕವಾಗಿ ಒಯ್ದು ತರುವ ಸಾಮಾನಿಗೆ ಎಟಿಎ ಕಾರ್ನೆಟ್ ಎಂಬ ದಾಖಲೆ ಇದೆ. 1961ರ ಅಂತರರಾಷ್ಟ್ರೀಯ ಒಪ್ಪಂದದಿಂದ ಹುಟ್ಟಿದ್ದು. ಭಾರತದಲ್ಲಿ ಇದನ್ನು ಕೊಡುವುದು ವಾಣಿಜ್ಯೋದ್ಯಮ ಸಂಸ್ಥೆಗಳ ಒಕ್ಕೂಟ ಫಿಕ್ಕಿ. ಒಂದು ವರ್ಷದ ಅವಧಿಯ ಈ ಒಂದೇ ದಾಖಲೆ ಅಮೆರಿಕ, ಬ್ರಿಟನ್, ಸಿಂಗಪುರಗಳಲ್ಲೂ ನಡೆಯುತ್ತದೆ. ಭದ್ರತಾ ಠೇವಣಿ ಇಡಬೇಕಾದ್ದು ಸಣ್ಣ ಕಲಾವಿದರಿಗೆ ಭಾರವೇ. ಮಾರಲು ಒಯ್ಯುವ ಸಿಡಿಗಳನ್ನು ಇದರಲ್ಲಿ ಸೇರಿಸುವಂತಿಲ್ಲ. ಒಂದೆರಡು ಉಪಕರಣಗಳನ್ನು ಕೈಯಲ್ಲೇ ಒಯ್ಯುವವರಿಗೆ ಹೊರಡುವ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಕೊಡುವ ರಫ್ತು ಪ್ರಮಾಣಪತ್ರ ಸಾಕು. ಹುಬ್ಬಳ್ಳಿಯಿಂದ ಅಂತರರಾಷ್ಟ್ರೀಯ ವಿಮಾನಗಳಿಲ್ಲ. ಆದ್ದರಿಂದ ಪೆಟ್ಟಿಗೆಯನ್ನು ಇಲ್ಲಿಯೇ ಕೊನೆಯ ಊರಿನವರೆಗೆ ಬುಕ್ ಮಾಡಿಬಿಟ್ಟರೆ ಬೆಂಗಳೂರು ಅಥವಾ ಮುಂಬೈಯಲ್ಲಿ ಅಧಿಕಾರಿಗೆ ತೋರಿಸಲು ಕೈಯಲ್ಲಿ ಸಾಮಾನೇ ಇರುವುದಿಲ್ಲ.

ಹೊರಗಿನಿಂದ ಬರುವ ಪೆಟ್ಟಿಗೆಯ ಕಷ್ಟ ಬೇರೆ. ಹೊರದೇಶದ ಸೋದರಮಾವ ಅಳಿಯನಿಗೆ ಮೈಕು ಕಳಿಸಿ ಮೇಲೆ ‘ಉಡುಗೊರೆ’ ಎಂದು ಬರೆದರೆ ಸುಂಕವಿಲ್ಲ ಎಂಬ ನಂಬಿಕೆ ಇನ್ನೂ ಇದೆ. ಅಂಚೆ, ಕೊರಿಯರ್‌ನಲ್ಲಿ ಬರುವ 5,000 ರೂಪಾಯಿವರೆಗಿನ ಉಡುಗೊರೆಗಿದ್ದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ರದ್ದಾಗಿದೆ. ಉಳಿದದ್ದು ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ. ವೈರ್‌ಲೆಸ್ ಮೈಕಾದರೆ ಇನ್ನೊಂದು ಗಂಟು: ಅದು ರೇಡಿಯೊ ತರಂಗ ಬಳಸುವುದರಿಂದ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಅನುಮೋದನೆ ಬೇಕು. ತರಿಸುವ ಮುನ್ನ ಮಾಡೆಲ್ ಹೆಸರು ಹಿಡಿದು ವಿಚಾರಿಸುವುದು ಒಳ್ಳೆಯದು.

ಈ ನಿಯಮಗಳು ಕ್ರೂರವೆಂದು ನನಗನಿಸುವುದಿಲ್ಲ. ಅವು ಗೊತ್ತಿರುವುದು ದೊಡ್ಡ ಊರಿನ ಕಸ್ಟಮ್ಸ್ ಏಜೆಂಟರಿಗೆ ಮಾತ್ರ ಎಂಬುದು ಅನ್ಯಾಯ. ಇಷ್ಟೊಂದು ಗಾಯಕರನ್ನು ಜಗತ್ತಿಗೆ ಕೊಟ್ಟ ಊರಿನಲ್ಲಿ ಈ ಮಾಹಿತಿ ಕನ್ನಡದಲ್ಲಿ ಸಿಗಬೇಕು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ, ಕಸ್ಟಮ್ಸ್ ಮತ್ತು ಅಂಚೆ ಇಲಾಖೆಗಳು ಸೇರಿ ಕಲಾವಿದರಿಗೂ ಸೌಂಡ್ ಸಿಸ್ಟಂನವರಿಗೂ ವರ್ಷಕ್ಕೊಮ್ಮೆಯಾದರೂ ಮಾಹಿತಿ ಶಿಬಿರ ನಡೆಸಲಿ, ನಮೂನೆಗಳನ್ನು ಕನ್ನಡದಲ್ಲಿ ಕೊಡಲಿ.