ಉಬ್ಬಸ ಏರಿದಾಗ ಯಾವ ಮದ್ದು?

ದೀಪಾವಳಿಯ ಪಟಾಕಿ ಸದ್ದು ಅಡಗಿ ಚಳಿ ಕಾಲಿಡುವ ಹೊತ್ತಿಗೆ ದೆಹಲಿಯ ಗಾಳಿ ಕೆಡುತ್ತದೆ. ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಸುಟ್ಟ ಭತ್ತದ ಕೂಳೆಯ ಹೊಗೆ, ವಾಹನಗಳ ಹೊಗೆ, ಕಟ್ಟಡ ಕಾಮಗಾರಿಯ ದೂಳು ಎಲ್ಲವೂ ನೆಲಮಟ್ಟದಲ್ಲೇ ಮಡುಗಟ್ಟುತ್ತವೆ. 2019ರ ನವೆಂಬರ್ 1ರಂದು ಇಲ್ಲಿ ಸಾರ್ವಜನಿಕ ಆರೋಗ್ಯ ತುರ್ತು ಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಊರಲ್ಲಿದ್ದಾಗ ಮಳೆಗಾಲದಲ್ಲಿ ಒಂದೆರಡು ದಿನ ಕಾಡಿ ಹೋಗುತ್ತಿದ್ದ ಉಬ್ಬಸ, ನೊಯ್ಡಾಕ್ಕೋ ಗುರುಗ್ರಾಮಕ್ಕೋ ಬಂದು ನೆಲೆಸಿದವರನ್ನು ಈ ದಿನಗಳಲ್ಲಿ ರಾತ್ರಿಯಿಡೀ ಎದ್ದು ಕೂರಿಸುತ್ತದೆ.

ಆಗ ಸಲಹೆಗಳಿಗೆ ಬರವಿಲ್ಲ. ಊರಿನಿಂದ ಫೋನಿನಲ್ಲಿ ಆಡುಸೋಗೆ ಕಷಾಯ, ಪಕ್ಕದ ಮನೆಯವರಿಂದ ಹೋಮಿಯೋಪಥಿ ಗುಳಿಗೆ, ಬೆಳಗಿನ ಪಾರ್ಕಿನಲ್ಲಿ ಪ್ರಾಣಾಯಾಮ. ಮೃಗಶಿರ ಮಳೆ ಹಿಡಿಯುವಾಗ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಮದ್ದಿಗೆ ಉತ್ತರ ಭಾರತದಿಂದಲೂ ಜನ ಬರುತ್ತಾರೆ. ಕೊಪ್ಪಳದ ಕುಟಗನಹಳ್ಳಿಯಲ್ಲಿಯೂ ಅದೇ ಹೊತ್ತಿಗೆ ಅಸ್ತಮಾ ಔಷಧಿ ಕೊಡುವ ರೂಢಿಯಿದೆ. ಇವುಗಳಲ್ಲಿ ಯಾವುದನ್ನು ನಂಬುವುದು, ಎಷ್ಟು ನಂಬುವುದು?

ಹಿತ ಅನ್ನಿಸುವುದು, ಉಸಿರು ತೆರೆಯುವುದು

ಅಸ್ತಮಾದಲ್ಲಿ ಶ್ವಾಸನಾಳಗಳ ಒಳಪೊರೆ ಸದಾ ಉರಿಯೂತದಿಂದ ಊದಿಕೊಂಡಿರುತ್ತದೆ. ಹೊಗೆ, ದೂಳು, ಚಳಿಗಾಳಿ ತಗುಲಿದ ಕೂಡಲೇ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ, ದಾರಿ ಕಿರಿದಾಗುತ್ತದೆ. ಆದ್ದರಿಂದ ಮದ್ದು ಮಾಡಬೇಕಾದ ಕೆಲಸ ಎರಡು: ಬಿಗಿದ ಸ್ನಾಯುವನ್ನು ಸಡಿಲಿಸುವುದು, ಉರಿಯೂತವನ್ನು ಇಳಿಸುವುದು.

2011ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಕಣ್ತೆರೆಸುವಂಥದ್ದು. ಒಂದೇ ಗುಂಪಿನ ಅಸ್ತಮಾ ರೋಗಿಗಳಿಗೆ ಬೇರೆ ಬೇರೆ ದಿನ ಸ್ನಾಯು ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರ್, ಔಷಧವಿಲ್ಲದ ಹುಸಿ ಇನ್‌ಹೇಲರ್, ಹುಸಿ ಅಕ್ಯುಪಂಕ್ಚರ್ ಕೊಟ್ಟರು. ಒಂದು ದಿನ ಏನನ್ನೂ ಕೊಡದೆ ಕೂರಿಸಿದರು. ‘ಎಷ್ಟು ಹಗುರಾಯಿತು?’ ಎಂದು ಕೇಳಿದರೆ ಮೊದಲ ಮೂರಕ್ಕೂ ಬಂದ ಉತ್ತರ ಹೆಚ್ಚುಕಡಿಮೆ ಒಂದೇ. ಆದರೆ ಯಂತ್ರಕ್ಕೆ ಊದಿಸಿ ಅಳೆದಾಗ ನಿಜವಾದ ಔಷಧ ಉಸಿರಿನ ಬಲವನ್ನು ಸುಮಾರು ಶೇ 20ರಷ್ಟು ಹೆಚ್ಚಿಸಿತ್ತು. ಉಳಿದ ಮೂರರಲ್ಲೂ ಏರಿಕೆ ಶೇ 7ರ ಆಸುಪಾಸು. ಅಂದರೆ, ಶ್ವಾಸನಾಳ ಕಿರಿದಾಗಿಯೇ ಇದ್ದರೂ ರೋಗಿಗೆ ವಾಸಿಯಾಯಿತು ಅನ್ನಿಸಬಹುದು. ಉಬ್ಬಸ ಏರುತ್ತಿರುವವರಿಗೆ ಇದು ಜೀವಕ್ಕೇ ಎರವಾಗಬಹುದಾದ ಭ್ರಮೆ.

ದೆಹಲಿಯಲ್ಲಿ ಈ ಭ್ರಮೆಗೆ ಋತುವೂ ಕೈಜೋಡಿಸುತ್ತದೆ. ಜನವರಿಯಲ್ಲಿ ಶುರು ಮಾಡಿದ ಚೂರ್ಣ ಯಾವುದೇ ಇರಲಿ, ಮಾರ್ಚ್ ಹೊತ್ತಿಗೆ ಗಾಳಿ ತಿಳಿಯಾಗುತ್ತದೆ, ಉಸಿರಾಟ ಸಲೀಸಾಗುತ್ತದೆ. ಹೆಸರು ಮಾತ್ರ ಚೂರ್ಣಕ್ಕೆ.

ಗಿಡದಿಂದ ಗುಳಿಗೆಗೆ

ಹಾಗೆಂದು ಹಿತ್ತಲ ಗಿಡವನ್ನು ತಳ್ಳಿಹಾಕುವಂತಿಲ್ಲ. ಕಫ ತೆಳುವಾಗಿಸಲು ಇಂದು ಬಳಸುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಆಡುಸೋಗೆಯ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ. ದತ್ತೂರಿಯ ಹೊಗೆ ಸೇದಿ ಉಬ್ಬಸ ಇಳಿಸಿಕೊಳ್ಳುವ ಪದ್ಧತಿ 1802ರ ಸುಮಾರಿಗೆ ಮದ್ರಾಸಿನಿಂದ ಇಂಗ್ಲೆಂಡಿಗೆ ಹೋಯಿತು. ಅದರಲ್ಲಿರುವ ಅಟ್ರೋಪಿನ್‌ನ ಬಂಧುವೇ ಶ್ವಾಸನಾಳ ಸಡಿಲಿಸುವ ಈಗಿನ ಔಷಧ ಇಪ್ರಾಟ್ರೋಪಿಯಂ. ಗಿಡದಲ್ಲಿ ವಿಷವೂ ಮದ್ದೂ ಬೆರೆತಿದ್ದು, ಪ್ರಮಾಣ ಎಲೆಯಿಂದ ಎಲೆಗೆ ಬದಲಾಗುತ್ತಿತ್ತು. ಔಷಧಶಾಸ್ತ್ರ ಅದನ್ನು ಬೇರ್ಪಡಿಸಿ ಅಳತೆಗೆ ತಂದಿತು.

ಯೋಗದ ವಿಚಾರದಲ್ಲೂ ಪುರಾವೆಯಿದೆ, ಮಿತಿಯೂ ಇದೆ. ಬೆಂಗಳೂರಿನ ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೋಗ ಕಲಿತ 53 ರೋಗಿಗಳಿಗೆ ಉಬ್ಬಸದ ಕಾಟವೂ ಔಷಧದ ಅಗತ್ಯವೂ ತಗ್ಗಿದವು. 2009ರಲ್ಲಿ ದೆಹಲಿಯ ಏಮ್ಸ್ ಪ್ರಕಟಿಸಿದ ಪ್ರಯೋಗದಲ್ಲಿ 57 ಮಂದಿಯಿದ್ದರು. ಎರಡೂ ಗುಂಪಿಗೆ ಎಂದಿನ ಔಷಧ ಸಿಗುತ್ತಿತ್ತು. ಒಂದು ಗುಂಪಿಗೆ ಅದರ ಮೇಲೆ ಯೋಗ. ಲಾಭ ಕಂಡದ್ದು ಹೀಗೆ ಜೊತೆಗೂಡಿಸಿದಾಗ. ಮೀನಿನ ಮದ್ದಿಗೆ ಇಂಥ ಪರೀಕ್ಷೆಯ ಬೆಂಬಲವಿಲ್ಲ.

ತೀರಾ ಬೇಗ ಗುಣ ತೋರುವ, ಹೆಸರಿಲ್ಲದ ಪುಡಿಯ ಬಗ್ಗೆ ಅನುಮಾನ ಇರಲೇಬೇಕು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪ್ರಯೋಗಾಲಯಗಳಲ್ಲಿ ಪದೇ ಪದೇ ಪತ್ತೆಯಾಗಿದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ತಟ್ಟನೆ ಬಿಟ್ಟರೂ ಅಪಾಯ. ‘ಇಂಗ್ಲಿಷ್ ಮದ್ದಿನ ಸ್ಟೀರಾಯ್ಡ್ ಬೇಡ’ ಎಂದು ಇದಕ್ಕೆ ಮೊರೆ ಹೋದವರ ಹೊಟ್ಟೆ ಸೇರುವುದು ಅಳತೆಯೇ ಇಲ್ಲದ ಸ್ಟೀರಾಯ್ಡ್.

‘ಪಂಪ್ ಚಟವಾಗುತ್ತೆ’

ಇನ್‌ಹೇಲರ್ ಕೊನೆಯ ಅಸ್ತ್ರ, ಒಮ್ಮೆ ಹಿಡಿದರೆ ಬಿಡದು ಎಂಬ ಭಯ ವ್ಯಾಪಕ. ಲೆಕ್ಕ ಬೇರೆಯೇ ಹೇಳುತ್ತದೆ. ಸಾಲ್ಬುಟಮಾಲ್ ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಅಂದರೆ ನಲವತ್ತನೇ ಒಂದು ಪಾಲು. ಅದೂ ನೇರ ಶ್ವಾಸನಾಳಕ್ಕೆ. ನಿಜವಾದ ತಪ್ಪು ನಡೆಯುವುದು ಇನ್ನೊಂದು ಕಡೆ: ದಮ್ಮು ಹತ್ತಿದಾಗ ಈ ಪಂಪ್ ಎಳೆದು, ಉರಿಯೂತ ಇಳಿಸುವ ಸ್ಟೀರಾಯ್ಡ್ ಇನ್‌ಹೇಲರನ್ನು ಮೂಲೆಗಿಡುವುದು. ಸಾಲ್ಬುಟಮಾಲ್ ಒಂದನ್ನೇ ನೆಚ್ಚಬಾರದೆಂದು ಅಸ್ತಮಾದ ಜಾಗತಿಕ ಮಾರ್ಗಸೂಚಿಯಾದ ‘ಜಿನಾ’ 2019ರಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ಜಾಗತಿಕ ರೋಗಹೊರೆ ಅಂದಾಜಿನಂತೆ ಲೋಕದ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 13 ಮಂದಿ ಭಾರತದವರು. ಅಸ್ತಮಾ ಸಾವುಗಳಲ್ಲಿ ಮಾತ್ರ ನಮ್ಮ ಪಾಲು ಶೇ 40 ಮೀರುತ್ತದೆ.

ವಾಸಿ ಮಾಡುತ್ತೇವೆಂದು ಸಾರಲು ಕಾನೂನೂ ಬಿಡುವುದಿಲ್ಲ. ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ ಅಸ್ತಮಾ ಇದೆ. ಅದರಲ್ಲಿರುವ ರೋಗಗಳನ್ನು ಗುಣಪಡಿಸುತ್ತದೆಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಅಸ್ತಮಾ ಸೇರಿದಂತೆ ಹಲವು ರೋಗಗಳ ಬಗ್ಗೆ ಪತಂಜಲಿ ನೀಡಿದ್ದ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಸಂಸ್ಥೆ ಪತ್ರಿಕೆಗಳಲ್ಲಿ ಕ್ಷಮೆಯಾಚಿಸಿತು.

ದೆಹಲಿಯಲ್ಲಿರುವವರು ದಸರೆಗೆ ಮುಂಚೆಯೇ ವೈದ್ಯರನ್ನು ಕಂಡು ಚಳಿಗಾಲದ ಔಷಧದ ಪ್ರಮಾಣ ಬರೆಸಿಕೊಳ್ಳುವುದು ಒಳಿತು. ದೆಹಲಿ ವಿಶ್ವವಿದ್ಯಾಲಯದ ಉತ್ತರ ಆವರಣದ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್ ಎದೆರೋಗಗಳಿಗೇ ಮೀಸಲು. ಉಸಿರಿನ ಬಲ ಅಳೆಯುವ ಪೀಕ್ ಫ್ಲೋ ಮೀಟರ್ ಮನೆಯಲ್ಲಿದ್ದರೆ ಬೆಳಿಗ್ಗೆ, ಸಂಜೆ ಊದಿ ಬರೆದಿಡಬಹುದು. ತಮ್ಮ ಅತ್ಯುತ್ತಮ ಅಳತೆಯ ಶೇ 80ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ, ಶೇ 50ಕ್ಕಿಂತ ಇಳಿದರೆ ಆಸ್ಪತ್ರೆ. ಕಷಾಯವೋ ಪ್ರಾಣಾಯಾಮವೋ ಜೊತೆಗಿದ್ದರೆ ವೈದ್ಯರಿಗೆ ತಿಳಿಸಬೇಕು; ಪುಡಿಯಾದರೆ ಪೊಟ್ಟಣವನ್ನೇ ಒಯ್ಯಬೇಕು. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಅಥವಾ ದಣಿದ ರೋಗಿಯ ಗೊರಗೊರ ಸದ್ದು ಇದ್ದಕ್ಕಿದ್ದಂತೆ ನಿಂತುಹೋದರೆ, ತಡಮಾಡಬಾರದು. ಸದ್ದು ನಿಲ್ಲುವುದು ವಾಸಿಯ ಲಕ್ಷಣವಲ್ಲ, ಗಾಳಿಯೇ ಆಡುತ್ತಿಲ್ಲ ಎಂದರ್ಥ. ನೆಟ್ಟಗೆ ಕೂರಿಸಿ, ಸ್ಪೇಸರ್ ಕೊಳವೆಯ ಮೂಲಕ ಪಂಪ್ ಕೊಡುತ್ತಾ 112ಕ್ಕೆ ಕರೆ ಮಾಡಬೇಕು.