ಮಗುವಿನ ಕಿವಿ ಮತ್ತು ತಾಯಿಯ ಅಳಲು

ಕೆಲವು ವರ್ಷಗಳ ಹಿಂದೆ ಹಿಮಾಯತ್‌ನಗರದ ಕನ್ನಡ ಕುಟುಂಬವೊಂದರ ನಾಮಕರಣಕ್ಕೆ ಹೋಗಿದ್ದೆ. ಬಿರುಬೇಸಿಗೆಯಲ್ಲಿಯೂ ಕೂಸಿನ ತಲೆಗೆ ಉಣ್ಣೆಯ ಕುಲಾವಿಯನ್ನು ಬಿಗಿದಿದ್ದರು. ಅದರ ಬಲಗಿವಿ ಪೂರ್ಣವಾಗಿ ಬೆಳೆದಿರಲಿಲ್ಲ. ಕಿವಿಯ ರಂಧ್ರವೂ ಮುಚ್ಚಿತ್ತು. ಗ್ರಹಣದ ದಿನ ಬಸುರಿ ಹೊರಗೆ ಕಾಲಿಟ್ಟದ್ದೇ ಕಾರಣವೆಂದು ಹಿರಿಯರೊಬ್ಬರು ಪಿಸುಗುಟ್ಟಿದರು. ನಾನೂ ಸೇರಿದಂತೆ ಯಾರೊಬ್ಬರೂ ಅದನ್ನು ಅಲ್ಲಗಳೆಯಲಿಲ್ಲ. ಊಟ ಮುಗಿಸಿ, ತಾಂಬೂಲ ತೆಗೆದುಕೊಂಡು ಹಿಂದಿರುಗಿದೆವು. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ.

ವೈದ್ಯಶಾಸ್ತ್ರದಲ್ಲಿ ಇದಕ್ಕೆ ಮೈಕ್ರೋಷಿಯಾ ಎಂದು ಹೆಸರು. ಗರ್ಭದ ಮೊದಲ ತಿಂಗಳುಗಳಲ್ಲಿ ಕಿವಿಯ ರಚನೆಯಲ್ಲಿ ಉಂಟಾಗುವ ಕುಂದು ಇದು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಒಳಗಿವಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುವುದರಿಂದ, ತಲೆಯ ಮೂಳೆಯ ಮೂಲಕ ಧ್ವನಿ ಮುಟ್ಟಿಸುವ ಶ್ರವಣಯಂತ್ರವನ್ನು ಮೆತ್ತನೆಯ ಪಟ್ಟಿಯಿಂದ ಎಳೆಗೂಸಿಗೂ ಕಟ್ಟಬಹುದು. ಸೀಳುತುಟಿಯ ಬಗೆಗೂ ಗ್ರಹಣದ ಮಾತು ಇಷ್ಟೇ ನಿರಾಧಾರ. ಅಂಗುಳ ಸೀಳಿದ್ದರೆ ನಡುಗಿವಿಯಲ್ಲಿ ದ್ರವ ನಿಂತು ಕೇಳುವಿಕೆ ಕುಗ್ಗುವುದುಂಟು; ಆದುದರಿಂದ ಅಂತಹ ಮಕ್ಕಳ ಕಿವಿಯನ್ನೂ ಪರೀಕ್ಷಿಸಬೇಕು. 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ದೋಷದ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆ ಹಾಗೂ ತರಬೇತಿಯ ಆರಂಭ — ಇದು ಶ್ರವಣತಜ್ಞರು ಹೇಳುವ ಕ್ರಮ.

ಇದನ್ನೆಲ್ಲ ವೈದ್ಯರು ಆ ತಾಯಿಗೆ ವಿವರಿಸಿದ್ದರು. ಆಕೆ ತಲೆಯಾಡಿಸಿದಳು, ಆದರೆ ನಂಬಲಿಲ್ಲ. ನಂಬಿಕೆ ಹುಟ್ಟಿದ್ದು ಇಂತಹ ಮಕ್ಕಳ ತಂದೆತಾಯಿಗಳು ಕಲೆತ ಒಂದು ಕೂಟದಲ್ಲಿ. ಅಲ್ಲಿ ಅದೇ ಬಗೆಯ ಕಿವಿಯುಳ್ಳ ಹುಡುಗಿಯೊಬ್ಬಳು, ಜಡೆಯನ್ನು ಹಿಂದಕ್ಕೆ ಬಿಗಿದು ಕಟ್ಟಿಕೊಂಡು, ಚೌಕಾಬಾರದ ಮನೆಗಾಗಿ ಜಗಳವಾಡುತ್ತಿದ್ದಳಂತೆ. ಆ ಸಂಜೆಯೇ ಕುಲಾವಿ ಪೆಟ್ಟಿಗೆ ಸೇರಿತು.

ಹುಟ್ಟುಗಿವುಡು ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿದವರ ತಂದೆತಾಯಿಗಳಿಗೆ ಕಿವಿ ಕೇಳಿಸುತ್ತದೆ. ಅಂದರೆ ಮಗುವಿನ ಮುಂದಿನ ಬಾಳು ಹೇಗಿರುತ್ತದೆಂಬುದನ್ನು ಅವರು ಮನೆಯಲ್ಲಿ ಕಂಡವರಲ್ಲ. ಕೂಟದಲ್ಲಿ ಅದನ್ನು ಕಣ್ಣಾರೆ ಕಾಣುತ್ತಾರೆ. ಯಂತ್ರವನ್ನು ಕಿತ್ತೆಸೆಯುವ ಮಗುವನ್ನು ಒಲಿಸುವುದು ಹೇಗೆ, ತರಗತಿಯಲ್ಲಿ ಕೇಳುವ ಕಿವಿ ಉಪಾಧ್ಯಾಯರ ಕಡೆಗಿರುವಂತೆ ಕೂರಿಸಲು ಯಾರನ್ನು ಕೇಳಬೇಕು, ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಿಂದ ಶ್ರವಣಯಂತ್ರ ಪಡೆಯಲು ಯಾವ ಕಾಗದಪತ್ರ ಬೇಕು — ಇವುಗಳನ್ನು ಅನುಭವಿಗಳಿಂದಲೇ ಕಲಿಯಬೇಕು.

1965ರಲ್ಲಿ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದ ಮೈಸೂರಿನಲ್ಲಿಯೇ, ಕಿವುಡು ಮಕ್ಕಳ ತಂದೆತಾಯಿಗಳ ಸಂಘವೂ ಒಂದು ಶಾಲೆ ನಡೆಸುತ್ತ ಬಂದಿದೆ. ಅಲ್ಲಿ ತಾಯಿಯೂ ಮಗುವಿನೊಡನೆ ತರಗತಿಯಲ್ಲಿ ಕುಳಿತು ಕಲಿಯುತ್ತಾಳೆ. ನಮ್ಮ ಅವಳಿ ನಗರದಲ್ಲಿ ಪರೀಕ್ಷೆ, ತರಬೇತಿಗಳಿಗೆ ಸಿಕಂದರಾಬಾದಿನ ಮನೋವಿಕಾಸನಗರದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಆದರೆ ಊರು ಬಿಟ್ಟು ಬಂದ ನಮಗೆ ಅಜ್ಜಿ, ಚಿಕ್ಕಮ್ಮಂದಿರ ಆಸರೆ ಹತ್ತಿರದಲ್ಲಿಲ್ಲ. ತಾಯಿಯ ದುಃಖ ಹೊರಬರುವುದು ತಾಯ್ನುಡಿಯಲ್ಲಿಯೇ.

ಆದುದರಿಂದ ನಮ್ಮ ಸಂಘದಲ್ಲಿ ಒಂದು ವಿನಂತಿ. ತಿಂಗಳಿಗೊಂದು ಭಾನುವಾರ ಒಂದು ಕೋಣೆ, ನಾಲ್ಕು ಚಾಪೆ, ಕಾಫಿ — ಇಷ್ಟು ಸಾಕು. ಭಾಷಣ, ಹಾರತುರಾಯಿಗಳು ಬೇಡ. ನಾಮಕರಣದ ದಿನ ನಾವು ಆಡದೆ ಉಳಿದ ಮಾತನ್ನು ಅಲ್ಲಿಯಾದರೂ ಆಡೋಣ: “ತಾಯೀ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ.”